ತೋರಿಸಿ ಮರೆಸುವ ವಿದ್ಯೆ

ನನ್ನ ಬಾಲ್ಯದಲ್ಲಿ ಟೂರಿಂಗ್ ಟಾಕೀಸಿನ ಬಾಗಿಲಲ್ಲಿ ಹಾಡಿನ ಪುಸ್ತಕಗಳನ್ನು ಮಾರುತ್ತಿದ್ದರು. ಹಾಡುಗಳೊಡನೆ ಕಥಾಸಾರವೂ ಇರುತ್ತಿತ್ತು. ನಾಯಕಿ ಖಳನ ಕೈಗೆ ಸಿಕ್ಕಿದಳೆನ್ನುವಷ್ಟರಲ್ಲಿ ಸಾರ ನಿಂತು, ಮಿಕ್ಕುದನ್ನು ಪರದೆಯ ಮೇಲೆ ನೋಡಬೇಕೆಂಬ ಆಹ್ವಾನ ಬರುತ್ತಿತ್ತು. ಟಿಕೇಟಿಗೆ ಕಾಸಿಲ್ಲದ ಹುಡುಗನಿಗೆ ಅದಕ್ಕಿಂತ ಕ್ರೂರವಾದ ವಾಕ್ಯ ಬೇರೊಂದಿರಲಿಲ್ಲ. ಇಂದಿನ ರೋಮಾಂಚಕ ಚಿತ್ರಗಳ ಟ್ರೇಲರು ಆ ವಾಕ್ಯದ ವಂಶದ್ದೇ.

ಈ ವಿಚಾರ ಮತ್ತೆ ನನ್ನ ಮನಸ್ಸಿಗೆ ಬಂದುದು ಒಂದು ನ್ಯಾಯತೀರ್ಪಿನಿಂದ. 2016ರಲ್ಲಿ ತೆರೆಕಂಡ ‘ಫ್ಯಾನ್’ ಎಂಬ ಹಿಂದಿ ಚಿತ್ರದ ಪ್ರಚಾರದಲ್ಲಿ ಒಂದು ಹಾಡನ್ನು ತೋರಿಸಿದ್ದರು. ಚಿತ್ರದಲ್ಲಿ ಆ ಹಾಡೇ ಇರಲಿಲ್ಲ. ಅದನ್ನು ನಂಬಿ ಮನೆಯವರೊಡನೆ ಹೋಗಿದ್ದ ಶಿಕ್ಷಕಿಯೊಬ್ಬರು ಗ್ರಾಹಕ ವೇದಿಕೆಯ ಮೊರೆಹೊಕ್ಕರು. ರಾಜ್ಯ ಆಯೋಗವು ಅವರಿಗೆ 10,000 ರೂಪಾಯಿ ಪರಿಹಾರವನ್ನೂ 5,000 ರೂಪಾಯಿ ವೆಚ್ಚವನ್ನೂ ಕೊಡಿಸಿತು. ರಾಷ್ಟ್ರೀಯ ಆಯೋಗ ಅದನ್ನು ಎತ್ತಿಹಿಡಿಯಿತು. ಆದರೆ 2024ರ ಏಪ್ರಿಲ್ 22ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ, ಟ್ರೇಲರು ಒಪ್ಪಂದವೂ ಅಲ್ಲ, ಕೊಟ್ಟ ಮಾತೂ ಅಲ್ಲವೆಂದಿತು.

ಕಾನೂನಿನ ದೃಷ್ಟಿಯಿಂದ ಇದು ಸರಿಯೆಂದೇ ನನ್ನ ಭಾವನೆ. ಆದರೆ ಪ್ರೇಕ್ಷಕನಿಗೂ ಚಿತ್ರಕ್ಕೂ ನಡುವೆ ಕಾನೂನಿಗೆ ನಿಲುಕದ ಮಾತೊಂದು ಇಲ್ಲವೆ?

ಹಿಚ್‌ಕಾಕ್ ತಮ್ಮ ‘ಸೈಕೋ’ ಚಿತ್ರಕ್ಕೆ 1960ರಲ್ಲಿ ಮಾಡಿದ ಟ್ರೇಲರನ್ನು ನೋಡೋಣ. ಅದರ ಉದ್ದ ಆರು ನಿಮಿಷಕ್ಕೂ ಹೆಚ್ಚು. ಚಿತ್ರದ ಕಥಾದೃಶ್ಯಗಳು ಅದರಲ್ಲಿ ಇಲ್ಲವೆಂದೇ ಹೇಳಬೇಕು. ಸ್ಥೂಲಕಾಯದ ನಿರ್ದೇಶಕರು ತಾವೇ ಬಂದು, ಖಾಲಿ ಮನೆಯನ್ನು ಬಾಡಿಗೆದಾರನಿಗೆ ತೋರಿಸುವ ಯಜಮಾನನಂತೆ, ಆ ಮೋಟೆಲನ್ನೂ ಹಿಂದಿನ ಮನೆಯನ್ನೂ ತೋರಿಸುತ್ತ ನಡೆಯುತ್ತಾರೆ. ಮೆಟ್ಟಲಿನ ಮೇಲೆ ಏನಾಯಿತೆಂದು ಹೇಳತೊಡಗಿ, ಮುಖ ಕಿವಿಚಿ, ನಿಲ್ಲಿಸುತ್ತಾರೆ. ಗೋಡೆಯ ಚಿತ್ರವೊಂದಕ್ಕೆ ಬಹಳ ಮಹತ್ತ್ವವಿದೆಯೆಂದು ಬೆರಳು ತೋರಿಸಿ ಮುಂದಕ್ಕೆ ಸಾಗುತ್ತಾರೆ. ಕೊಲೆ ನಡೆದುದುಂಟು, ಸ್ಥಳವೂ ಇದೇ. ಸತ್ತವರಾರು, ಕೊಂದವರಾರು ಎಂಬುದಕ್ಕೆ ಮಾತ್ರ ಉತ್ತರವಿಲ್ಲ. ಇದರಿಂದಾಗುವ ಪರಿಣಾಮ ವಿಚಿತ್ರವಾದುದು. ಚಿತ್ರಮಂದಿರದಲ್ಲಿ ಕುಳಿತವನಿಗೆ ಮೆಟ್ಟಲು ಕಂಡೊಡನೆಯೇ ಎದೆ ಡವಗುಟ್ಟುತ್ತದೆ. ಅವನ ಭಯದ ಅರ್ಧಭಾಗವನ್ನು ಟ್ರೇಲರು ಮೊದಲೇ ಬಿತ್ತಿಟ್ಟಿದೆ.

ಕೊನೆಗೆ ಅವರು ಸ್ನಾನದ ಮನೆಯ ಪರದೆಯನ್ನು ಸರಕ್ಕನೆ ಎಳೆಯುತ್ತಾರೆ. ಒಂದು ಹೆಣ್ಣುಮುಖ, ಒಂದು ಚೀತ್ಕಾರ. ಅರವತ್ತು ವರ್ಷ ದಾಟಿದ ಗುಟ್ಟನ್ನು ಒಡೆಯುತ್ತಿದ್ದೇನೆ, ವಾಚಕರು ಮನ್ನಿಸಬೇಕು: ಚಿತ್ರದಲ್ಲಿ ಅಲ್ಲಿ ಸಾಯುವ ಪಾತ್ರ ಜಾನೆಟ್ ಲೀ ಅವರದು; ಟ್ರೇಲರಿನಲ್ಲಿ ಕಿರುಚಿದವರು ಕೃತಕ ಕೂದಲು ಧರಿಸಿದ ವೆರಾ ಮೈಲ್ಸ್.

ಅಂದರೆ ಇಲ್ಲಿಯೂ ಇದ್ದುದು ಸುಳ್ಳೇ. ಆದರೂ ಯಾರೂ ಮೋಸಹೋದೆನೆಂದು ಕೊರಗುವುದಿಲ್ಲ. ಹೆದರಿಸುತ್ತೇನೆಂದ ಚಿತ್ರ ಹೆದರಿಸಿತು, ಹೇಗೆಂಬುದನ್ನಷ್ಟೇ ಮರೆಸಿತು. ಆ ಶಿಕ್ಷಕಿಗೆ ಬೇಕಾಗಿದ್ದುದು ಹಾಡು, ಅದೇ ಇಲ್ಲವಾಯಿತು. ಎರಡು ಸುಳ್ಳುಗಳೂ ಒಂದೇ ಜಾತಿಯವಲ್ಲ.

ಈಗಿನ ಟ್ರೇಲರುಗಳಿಗೆ ಅಷ್ಟು ವ್ಯವಧಾನವಿಲ್ಲ. ಎರಡು, ಎರಡೂವರೆ ನಿಮಿಷ; ಅದಕ್ಕೂ ಮುಂಚೆ, ಮೊಬೈಲಿನ ಮೇಲಿನ ಬೆರಳು ಜಾರದಿರಲೆಂದು, ಟ್ರೇಲರಿಗೇ ಐದಾರು ಸೆಕೆಂಡುಗಳ ಪುಟ್ಟ ಟ್ರೇಲರು. ಕತ್ತಲು, ಎದೆಬಡಿತ, ಗುಡುಗಿನಂತಹ ಕಹಳೆ, ಹಠಾತ್ತನೆ ಮೌನ, ಮತ್ತೆ ಹೊಡೆತ. ನೋಡುವವರೆಗೆ ಕಣ್ಣು ಕೀಳಲಾಗುವುದಿಲ್ಲ, ನಿಜ. ಆದರೆ ಹೆದರಿಕೆಯ ವಸ್ತು ಯಾವುದೆಂದು ಆಮೇಲೆ ಕೇಳಿದರೆ ನನಗೆ ನೆನಪಾಗುವುದು ಸದ್ದು ಮಾತ್ರ. ಇನ್ನು ಕೆಲವು, ಆ ಹಾಡಿನ ಪುಸ್ತಕದವನಿಗಿದ್ದ ಸಂಯಮವೂ ಇಲ್ಲದೆ, ಕಥೆಯ ಕೊನೆಯ ಸೇತುವೆಯವರೆಗೂ ನಮ್ಮನ್ನು ಕರೆದೊಯ್ದುಬಿಡುತ್ತವೆ. ಕಳೆದ ತಿಂಗಳು ಅಂಥದೊಂದನ್ನು ಮನೆಯಲ್ಲಿ ನೋಡಿದೆವು. ಮುಗಿದೊಡನೆ ಮೊಮ್ಮಗಳು, “ತಾತಾ, ಅಣ್ಣನೇ ಕೊಲೆಗಾರ ತಾನೆ?” ಎಂದಳು. ಹೌದೆಂದೇ ನನಗೂ ತೋರಿತ್ತು. ಆ ಭಾನುವಾರ ನಾವು ಚಿತ್ರಮಂದಿರಕ್ಕೆ ಹೋಗಲಿಲ್ಲ.