ಆ ನಾಲ್ಕು ಕುರ್ಚಿ ಯಾರವು?

ನಂಜನಗೂಡು, ತಿ. ನರಸೀಪುರದ ನಮ್ಮ ಕೇರಿಗಳಲ್ಲಿ ಯಾರಿಗಾದರೂ ಮನಸ್ಸು ಕೆಟ್ಟರೆ 'ಗಾಳಿ ಸೋಕದೆ' ಅಂತಾರೆ. ಮೊದಲು ತಾಯತ, ಆಮೇಲೆ ನಂಜುಂಡನ ಹರಕೆ, ಕಪಿಲೆಯಲ್ಲಿ ಮುಳುಗು, ಕೊನೆಗೆ ಕೈಕಾಲಿಗೆ ಹಗ್ಗ. ಕಟ್ಟುವವರು ಕಟುಕರಲ್ಲ, ಕೂಲಿ ಬಿಟ್ಟು ಕಾಯಲು ಗತಿಯಿಲ್ಲದ ಅವ್ವಂದಿರು.

2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಉಸ್ತುವಾರಿಗೆ ರಾಜ್ಯಕ್ಕೊಂದು ಪ್ರಾಧಿಕಾರ. ಅದರ ಅಧ್ಯಕ್ಷರು ಯಾರು? ಆರೋಗ್ಯ ಇಲಾಖೆಯ ಕಾರ್ಯದರ್ಶಿ! ಸರ್ಕಾರಿ ಆಸ್ಪತ್ರೆ ನಡೆಸುವ ಇಲಾಖೆಯೇ ಅದರ ತಪ್ಪನ್ನೂ ಹುಡುಕಬೇಕಂತೆ.

ಕಾಯಿಲೆ ಉಂಡವರಿಗೆ ಎರಡು ಸ್ಥಾನ, ಆರೈಕೆ ಮಾಡಿದವರಿಗೆ ಎರಡು. ಕಾಯ್ದೆ ಅಷ್ಟು ಕೊಟ್ಟಿದೆ. ಅವರಲ್ಲಿ ಒಬ್ಬರಾದರೂ ಕೇರಿಯವರಾಗಿರಬೇಕೆಂಬ ಸಾಲು ಮಾತ್ರ ಇಲ್ಲ.

ಯಾಕೆ ಇರಬೇಕು ಅಂತೀರಾ? 1993ರಲ್ಲಿ, ಗುಡಿ ಪ್ರವೇಶದ ಜಗಳದ ಬೆನ್ನಿಗೆ, ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಮೂವರು ದಲಿತರನ್ನು ಕೊಂದರು. ಅಂಥ ಕೇರಿಯ ಕೆಟ್ಟ ನಿದ್ದೆಗೆ ಯಾವ ಚೀಟಿಯಲ್ಲಿ ಔಷಧಿ ಬರೆದಾರು? ಜಾತಿಯ ಏಟು ಮೈಗೆ ಮಾತ್ರ ಬೀಳುವುದಿಲ್ಲ. ಅದನ್ನು ಓದಿ ತಿಳಿದವರು ಮೇಜಿನ ಸುತ್ತ ಸಾಕಷ್ಟಿದ್ದಾರೆ. ತಿಂದು ತಿಳಿದವರು ಬೇಕು.

ಗೆಳೆಯರೇ, ಮೇಷ್ಟ್ರುಗಳೇ, ನಾವು ಕನಿಕರ ಕೇಳುತ್ತಿಲ್ಲ, ಕುರ್ಚಿ ಕೇಳುತ್ತಿದ್ದೇವೆ. ಮಗನನ್ನು ಕಟ್ಟಿ, ಅತ್ತು, ತಾನೇ ಬಿಚ್ಚಿದ ಅವ್ವ ಅಲ್ಲಿ ಕೂರಲಿ. ಕಾರ್ಯದರ್ಶಿಗಳನ್ನು 'ಬುದ್ದಿ' ಅನ್ನದೆ ಕೇಳಲಿ: "ನಮ್ಮೂರಿಗೆ ಡಾಕ್ಟ್ರು ಯಾವತ್ತು ಬಂದಾರು?"