ಹೆಸರಿಗೆ ಮ್ಯಾನೇಜರ್

ಅಮೆರಿಕದ ಒಂದು ಅಂಗಡಿ ಎಂದಿಟ್ಟುಕೊಳ್ಳಿ. ಗಂಟೆಗೆ 12 ಡಾಲರ್ ಕೂಲಿಯವನೊಬ್ಬ, ವಾರಕ್ಕೆ 684 ಡಾಲರ್ ಸಂಬಳದ ಅಸಿಸ್ಟೆಂಟ್ ಮ್ಯಾನೇಜರ್ ಒಬ್ಬ. ಇಬ್ಬರೂ ಒಂದೇ ವಾರದಲ್ಲಿ 60 ಗಂಟೆ ದುಡಿದರೆ, 40 ಗಂಟೆ ಮೀರಿದ್ದಕ್ಕೆ ಒಂದೂವರೆ ಪಟ್ಟು ಸೇರಿ ಕೂಲಿಯವನಿಗೆ 840 ಡಾಲರ್ ಸಿಗುತ್ತದೆ. ಅವನ ಮೇಲಿನವನಿಗೆ ಅದೇ 684. ಫೆಡರಲ್ ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನಿಲ್ಲ.

1938ರ ಕಾರ್ಮಿಕ ಕಾಯ್ದೆ ಆಡಳಿತಗಾರರನ್ನೂ ವೃತ್ತಿಪರರನ್ನೂ ಓವರ್‌ಟೈಮಿನಿಂದ ಹೊರಗಿಟ್ಟಿತು. ಅವರ ಸಮಯ ಅವರ ಕೈಯಲ್ಲೇ ಇರುತ್ತದೆ, ಸಂಬಳವೂ ಚೆನ್ನಾಗಿರುತ್ತದೆ ಎಂಬುದು ಎಣಿಕೆ. ಆದರೆ ಮ್ಯಾನೇಜರ್ ಎಂಬ ಹೆಸರು ಕೊಡಲು ಮಾಲೀಕನಿಗೆ ಕಾಸೂ ಖರ್ಚಿಲ್ಲವಲ್ಲ! ಅದಕ್ಕೇ ಕಾರ್ಮಿಕ ಇಲಾಖೆ ಸಂಬಳದ ಗೆರೆಯೊಂದನ್ನು ಎಳೆಯಿತು: ಅದರ ಕೆಳಗಿದ್ದರೆ ಮ್ಯಾನೇಜರ್ ಎಂಬ ಹೆಸರಿದ್ದರೂ ಓವರ್‌ಟೈಮ್ ಕೊಡಲೇಬೇಕು.

ಬೆಲೆ ಏರಿತು, ಗೆರೆ ಏರಲಿಲ್ಲ. 1975ರಲ್ಲಿ ವಾರಕ್ಕೆ 155 ಡಾಲರ್ ಇದ್ದ ಕೆಳಮಿತಿ 2004ರವರೆಗೂ ಅಲ್ಲೇ ಕೂತಿತ್ತು. 1991ರಲ್ಲೇ ಗಂಟೆಗೆ 4.25 ಡಾಲರ್ ಕನಿಷ್ಠ ಕೂಲಿಯವನು 40 ಗಂಟೆಗೆ 170 ಗಳಿಸುತ್ತಿದ್ದ. ಒಂದಕ್ಷರ ತಿದ್ದದೆಯೇ ಕಾನೂನನ್ನು ನಿಷ್ಪ್ರಯೋಜಕ ಮಾಡುವ ಬಗೆ ಇದು. (ನಮ್ಮ ಹಿಂದಿನ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಸೂಪರ್‌ವೈಸರ್‌ಗಳ 1,600 ರೂಪಾಯಿ ಸಂಬಳದ ಮಿತಿ 1984ರಿಂದ 2010ರವರೆಗೆ ಅಲ್ಲಾಡಲಿಲ್ಲ.)

ಒಬಾಮ ಸರ್ಕಾರ 2016ರಲ್ಲಿ ಮಿತಿಯನ್ನು 913ಕ್ಕೆ ಏರಿಸಹೊರಟಾಗ ಟೆಕ್ಸಾಸ್‌ನ ಫೆಡರಲ್ ಕೋರ್ಟು ತಡೆಯಿತು. ಬೈಡನ್ ಸರ್ಕಾರದ ನಿಯಮ 2025ರ ಜನವರಿಗೆ 1,128 ಮುಟ್ಟಬೇಕಿತ್ತು. 2024ರ ನವೆಂಬರಿನಲ್ಲಿ ಟೆಕ್ಸಾಸ್‌ನಲ್ಲೇ ಅದೂ ಬಿತ್ತು. ಮಿತಿ ಮತ್ತೆ 2020ರಲ್ಲಿ ಜಾರಿಗೆ ಬಂದಿದ್ದ 684ಕ್ಕೇ ಮರಳಿತು.

ಕಾಯ್ದೆ ಹೇಳುವುದು ಕೆಲಸದ ಸ್ವರೂಪವನ್ನು, ಅದನ್ನು ಮರೆಸುವಷ್ಟು ಎತ್ತರಕ್ಕೆ ಗೆರೆ ಎಳೆಯುವಂತಿಲ್ಲ ಎಂಬುದು ಕೋರ್ಟಿನ ವಾದ. ತಳ್ಳಿಹಾಕುವ ಮಾತಲ್ಲ. ಆದರೆ ಸ್ವರೂಪವನ್ನು ಸಾಬೀತು ಮಾಡುವುದು ಹೇಗೆ? ದಿನವಿಡೀ ನೆಲ ಒರೆಸಿ, ಸಾಮಾನು ಜೋಡಿಸಿದ ‘ಮ್ಯಾನೇಜರ್’ ವಕೀಲರನ್ನು ಹಿಡಿದು, ಗಂಟೆಗಂಟೆಯ ಲೆಕ್ಕ ಕೊಟ್ಟು ವಾದಿಸಬೇಕು. ಸಂಬಳವಾದರೆ ಪೇ ಸ್ಲಿಪ್ಪಿನಲ್ಲೇ ಕಾಣುತ್ತದೆ. ಮಿತಿ ಏರಿದರೆ ಕೆಲವು ಮಾಲೀಕರು ಮೂಲ ದರವನ್ನೇ ಇಳಿಸಿ ಲೆಕ್ಕ ಸರಿದೂಗಿಸಿಯಾರು, ನಿಜ. ಆದರೂ ಗಂಟೆ ಎಣಿಸುವ ಅಭ್ಯಾಸವಾದರೂ ಬರುತ್ತದೆ. ಪುಕ್ಕಟೆ ದುಡಿಮೆಗೆ ಕಡಿವಾಣ ಬೀಳುತ್ತದೆ.

ಕ್ಯಾಲಿಫೋರ್ನಿಯಾ ತನ್ನ ಮಿತಿಯನ್ನು ರಾಜ್ಯದ ಕನಿಷ್ಠ ಕೂಲಿಯ ಎರಡರಷ್ಟಕ್ಕೆ ಕಟ್ಟಿದೆ. ಕೂಲಿ ಏರಿದಂತೆ ಅದೂ ಏರಿ, 2025ಕ್ಕೆ ವರ್ಷಕ್ಕೆ 68,640 ಡಾಲರ್ ಆಯಿತು. ಸರ್ಕಾರ ಬದಲಾದಾಗಲೆಲ್ಲ ಹೊಸ ಜಗಳ ಬೇಕಿಲ್ಲ. ಇಲಾಖೆಗೆ ಅಷ್ಟು ಅಧಿಕಾರವಿಲ್ಲ ಎಂದು ಕೋರ್ಟು ಹೇಳಿದ ಮೇಲೆ, ಇಂಥದೇ ಸಾಲೊಂದನ್ನು 1938ರ ಕಾಯ್ದೆಗೆ ಸೇರಿಸಬೇಕಾದದ್ದು ಅಮೆರಿಕದ ಸಂಸತ್ತೇ.