ಸಂಶೋಧನೆಯ ಹಣಕ್ಕೂ ಬೇಕು ದಾಸೋಹದ ಲೆಕ್ಕ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಏಕೆ ಸೊರಗುತ್ತಿದೆ ಎಂದು ಕೇಳಿದರೆ ‘ಹಣವಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಸುಳ್ಳಲ್ಲ. 2020-21ರ ಅಂಕಿ ಅಂಶಗಳಂತೆ ಸಂಶೋಧನೆ ಮತ್ತು ಅಭಿವೃದ್ಧಿಗೆ ಭಾರತ ವ್ಯಯಿಸಿದ್ದು ಒಟ್ಟು ದೇಶೀಯ ಉತ್ಪನ್ನದ ಶೇ. 0.64ರಷ್ಟು ಮಾತ್ರ. ಆದರೆ ಬಂದ ಹಣವನ್ನು ಸಕಾಲದಲ್ಲಿ ಸದ್ವಿನಿಯೋಗಿಸಿ ಲೆಕ್ಕ ಒಪ್ಪಿಸುವ ವ್ಯವಸ್ಥೆ ನಮ್ಮಲ್ಲಿದೆಯೇ ಎಂಬ ಇನ್ನೊಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ವಿರಳ.

ಆ ಪ್ರಶ್ನೆ ಇಂದು ತುರ್ತಿನದಾಗಿದೆ. 2023ರ ಕಾಯ್ದೆಯಿಂದ ರೂಪುಗೊಂಡ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳನ್ನು ಸಂಶೋಧನೆಗೆ ತೊಡಗಿಸುವ ಗುರಿ ಹೊಂದಿದೆ. ಅದರ ‘ಪೇರ್’ ಯೋಜನೆಯು ಮುಂಚೂಣಿಯ ಸಂಸ್ಥೆಯೊಂದನ್ನು ಕೇಂದ್ರವಾಗಿಸಿ, ರಾಜ್ಯ ವಿಶ್ವವಿದ್ಯಾಲಯಗಳೂ ಸೇರಿದಂತೆ ಇತರ ಸಂಸ್ಥೆಗಳನ್ನು ಅದರೊಡನೆ ಜೋಡಿಸುತ್ತದೆ. ಬಾಗಿಲು ತೆರೆದಿದೆ; ಒಳಹೋಗುವ ಸಿದ್ಧತೆ ನಮ್ಮದಾಗಬೇಕು.

ಅನುದಾನ ಮಂಜೂರಾದ ದಿನ ಅಭಿನಂದನೆಗಳು ಸಲ್ಲುತ್ತವೆ. ನಿಜವಾದ ಪರೀಕ್ಷೆ ಆರಂಭವಾಗುವುದು ಮರುದಿನದಿಂದ. ಸಿಬ್ಬಂದಿ ನೇಮಕ, ಉಪಕರಣ ಖರೀದಿ, ಪ್ರತ್ಯೇಕ ಲೆಕ್ಕ, ಲೆಕ್ಕಪರಿಶೋಧನೆ, ವರ್ಷಾಂತ್ಯದ ಬಳಕೆ ಪ್ರಮಾಣಪತ್ರ, ಇವೆಲ್ಲವೂ ಕ್ರಮವಾಗಿ ನಡೆಯಬೇಕು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ಆವರ್ತಕ ಅನುದಾನದಲ್ಲಿ ಹಿಂದಿನ ವರ್ಷದ ಬಳಕೆ ಪ್ರಮಾಣಪತ್ರ ಮತ್ತು ಪರಿಶೋಧಿತ ಲೆಕ್ಕಪತ್ರ ಸಲ್ಲದೆ ಮುಂದಿನ ವರ್ಷದ ಮಂಜೂರಾತಿಯ ಶೇ. 75ಕ್ಕಿಂತ ಹೆಚ್ಚು ಮೊತ್ತ ಬಿಡುಗಡೆಯಾಗದು. 2025ರ ಜೂನ್‌ನಲ್ಲಿ ವೈಜ್ಞಾನಿಕ ಸಂಶೋಧನೆಗಾಗಿ ದರಪಟ್ಟಿಯಿಲ್ಲದೆ ಖರೀದಿಸುವ ಮಿತಿಯನ್ನು 1 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿಸಲಾಯಿತು. ಇದು ಸ್ವಾಗತಾರ್ಹ. ಆದರೆ ದೆಹಲಿಯಲ್ಲಿ ಸಡಿಲಗೊಂಡ ನಿಯಮ ನಮ್ಮ ಕಚೇರಿಯ ಕಡತದಲ್ಲಿ ಬಿಗಿಯಾಗಿಯೇ ಉಳಿದರೆ ಫಲವೇನು?

ಈ ವಿಳಂಬದ ಹೊರೆ ಬೀಳುವುದು ಅತ್ಯಂತ ದುರ್ಬಲರ ಮೇಲೆ. ಕಂತು ನಿಂತರೆ ಪ್ರಾಧ್ಯಾಪಕರ ವೇತನ ನಿಲ್ಲದು. ಯೋಜನಾ ಸಹಾಯಕರ ಶಿಷ್ಯವೇತನ ನಿಲ್ಲುತ್ತದೆ. ಹಳ್ಳಿಯಿಂದ ಬಂದು, ಮನೆತನದಲ್ಲಿ ಮೊದಲ ಬಾರಿಗೆ ಸಂಶೋಧನೆಯ ಹೊಸ್ತಿಲು ತುಳಿದ ಮಗಳು ಬಾಡಿಗೆ ಕಟ್ಟಲಾಗದೆ ಮರಳಿದರೆ, ಆ ನಷ್ಟವನ್ನು ಯಾವ ಲೆಕ್ಕಪತ್ರವೂ ತೋರಿಸುವುದಿಲ್ಲ.

ಶರಣ ಪರಂಪರೆಗೆ ಲೆಕ್ಕ ಪರಕೀಯವಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರವನ್ನು ಕಾಯುವುದೂ ಅವರಿಗೆ ಕಾಯಕವೇ ಆಗಿತ್ತು. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಗತ್ಯಕ್ಕೆ ಮೀರಿದ್ದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಾಯಿ ತಿಳಿಹೇಳಿದ ಪ್ರಸಂಗ ನಮಗೆಲ್ಲ ಗೊತ್ತು. ಅನುದಾನದಲ್ಲಿ ಉಳಿದ ಹಣವನ್ನೂ ಅದರ ಮೇಲಿನ ಬಡ್ಡಿಯನ್ನೂ ಕೊಟ್ಟವರಿಗೆ ಮರಳಿಸಬೇಕೆಂಬ ಇಂದಿನ ನಿಯಮದ ಹಿಂದಿರುವುದೂ ಅದೇ ವಿವೇಕ. ಸಮಾಜದಿಂದ ಬಂದದ್ದು ಸಮಾಜಕ್ಕೆ ಸಲ್ಲಬೇಕು, ಸಂದದ್ದು ಕಾಣಿಸಬೇಕು.

ಹಾಗಾದರೆ ಮಾಡಬೇಕಾದುದೇನು? ಪ್ರತಿ ವಿಶ್ವವಿದ್ಯಾಲಯದಲ್ಲಿ ಪ್ರಸ್ತಾವನೆಯಿಂದ ಅಂತಿಮ ಲೆಕ್ಕದವರೆಗೆ ಹೊಣೆ ಹೊರುವ ಸಂಶೋಧನಾ ಆಡಳಿತ ವಿಭಾಗವಿರಲಿ. ಅಲ್ಲಿ ತರಬೇತಿ ಪಡೆದ ಕಾಯಂ ಸಿಬ್ಬಂದಿ ಇರಲಿ; ಗುತ್ತಿಗೆ ಮುಗಿದೊಡನೆ ಅನುಭವವೂ ಹೊರನಡೆಯುವಂತಾಗಬಾರದು. ಯೋಜನೆಗಳೊಂದಿಗೆ ಬರುವ ಸಾಂಸ್ಥಿಕ ವೆಚ್ಚದ ಮೊತ್ತ ಸಾಮಾನ್ಯ ಖರ್ಚಿನಲ್ಲಿ ಕರಗದೆ ಈ ವಿಭಾಗವನ್ನು ಬಲಪಡಿಸಲಿ. ಕಡತ ಎಷ್ಟು ದಿನದಲ್ಲಿ ಇತ್ಯರ್ಥವಾಗಬೇಕೆಂಬ ಗಡುವು ಬಹಿರಂಗವಾಗಿರಲಿ.

ಇದನ್ನು ಸರ್ಕಾರಕ್ಕಷ್ಟೇ ಹೇಳಿ ಸುಮ್ಮನಾಗುವಂತಿಲ್ಲ. ಮಠಗಳು ಮತ್ತು ಸಮಾಜದ ವಿದ್ಯಾಸಂಸ್ಥೆಗಳು ನಾಡಿನಾದ್ಯಂತ ಕಾಲೇಜುಗಳನ್ನೂ ವಿಶ್ವವಿದ್ಯಾಲಯಗಳನ್ನೂ ನಡೆಸುತ್ತಿವೆ. ಭಕ್ತರ ಕಾಣಿಕೆಯಿಂದ ಬೆಳೆದ ಈ ಸಂಸ್ಥೆಗಳೇ ಮೊದಲು ಮಾದರಿಯಾಗಲಿ. ಕಟ್ಟಡಕ್ಕೆ ಉದಾರವಾಗಿ ನೀಡುವ ದಾನಿಗಳು ಒಬ್ಬ ಲೆಕ್ಕಾಧಿಕಾರಿಯ ವೇತನಕ್ಕೂ ನೆರವಾದರೆ ಅದು ಕಣ್ಣಿಗೆ ಕಾಣದ, ಆದರೆ ಬಹುಕಾಲ ಫಲ ಕೊಡುವ ದಾಸೋಹವಾದೀತು.